ಮೂರನೆಯ ವರ್ಷದ ಮೊಗ್ಗು

ನಾವು ಒಮಾನಿನ ಬರ್ಕಾದಲ್ಲಿದ್ದ ಕಾಲಕ್ಕೆ ಅಲ್ಲಿಯ ಬಾವಿಗಳ ನೀರು ಆಗಲೇ ಉಪ್ಪಾಗಿತ್ತು. ಬಕೆಟ್ಟಿನ ಅಂಚಿಗೆ ಬಿಳಿಯ ಪೊರೆ ಕಟ್ಟುತ್ತಿತ್ತು, ತಲೆಗೆ ಎರೆದುಕೊಂಡರೆ ಕೂದಲು ನಾರಿನಂತಾಗುತ್ತಿತ್ತು. ಗಲ್ಫಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಡಿಯಲು ಟ್ಯಾಂಕರಿನ ಸಿಹಿನೀರು, ಬಟ್ಟೆಗೂ ನೆಲಕ್ಕೂ ಬಾವಿಯ ನೀರು, ಗಿಡಕ್ಕೆ ಎಸಿಯ ಹಿಂದಿನಿಂದ ತೊಟ್ಟು ತೊಟ್ಟಾಗಿ ಬೀಳುವ ನೀರು. ಶಾಲೆಯ ವ್ಯಾನಿನಿಂದ ಇಳಿದವಳೇ ಹಿತ್ತಲಿಗೆ ಓಡಿ, ಎಸಿಯ ಕೆಳಗಿನ ಬಕೆಟ್ ತುಂಬಿದೆಯೇ ಎಂದು ನೋಡುವುದು ನನ್ನ ಪಾಲಿನ ಕೆಲಸವಾಗಿತ್ತು. ಆ ನೀರಿಗೆ ಉಪ್ಪಿರಲಿಲ್ಲ, ರುಚಿಯೂ ಇರಲಿಲ್ಲ. ಅದನ್ನು ಕುಡಿಯುತ್ತಿದ್ದ ಗಿಡ ಒಂದೇ ಒಂದು.

ಮನೆ ಖಲ್ಫಾನ್ ಎಂಬ ಒಮಾನಿ ಮುದುಕರದು. ತಮ್ಮ ಖರ್ಜೂರದ ತೋಟದ ಅಂಚಿನಲ್ಲಿ, ಒಂದೇ ಕಾಂಪೌಂಡಿನೊಳಗೆ ಎರಡು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಒಂದರಲ್ಲಿ ನಾವು: ಸಮುದ್ರದ ನೀರನ್ನು ಸಿಹಿ ಮಾಡುವ ಪ್ಲಾಂಟಿನಲ್ಲಿ ಆಪರೇಟರ್ ಆಗಿದ್ದ ಅಪ್ಪ, ಅವ್ವ ಸುಮಿತ್ರಾ, ಮತ್ತು ನಾನು, ವಿಜಿ. ರೋಣದ ಕಡೆಯವರು. ಇನ್ನೊಂದರಲ್ಲಿ ಬಂಟ್ವಾಳದ ಹತ್ತಿರದ ಬ್ಯಾರಿ ಕುಟುಂಬ: ಪೇಟೆಯಲ್ಲಿ ತರಕಾರಿ ಅಂಗಡಿ ಇಟ್ಟಿದ್ದ ಹಮೀದ್ ಅಂಕಲ್, ಝೊಹರಾ ಆಂಟಿ, ಅವರ ನಾಲ್ಕು ಮಕ್ಕಳು. ಎರಡನೆಯವಳು ರೈಹಾನಾ ನನ್ನ ತರಗತಿಯವಳು. ಎರಡೂ ಮನೆಗಳ ನಡುವೆ ಸೊಂಟದೆತ್ತರದ ಗೋಡೆ. ಅದನ್ನು ಹತ್ತಿ ಹಾರುವುದಕ್ಕೆ ನಮಗೆ ಅರೆಗಳಿಗೆ ಸಾಕಾಗಿತ್ತು.

ಮೊಟ್ಟೆಯ ಟ್ರೇಯನ್ನೇ ಅಳಗುಳಿ ಮಣೆ ಮಾಡಿಕೊಂಡು, ಖರ್ಜೂರದ ಬೀಜ ಹಾಕಿ ಸಂಜೆಯೆಲ್ಲ ಆಡುತ್ತಿದ್ದೆವು. ಚಳಿಗಾಲದಲ್ಲಿ ಕಡಲಿನ ಕಡೆಯಿಂದ ಗಾಳಿ ಬೀಸಿದರೆ ದಂಡೆಯ ಮೇಲೆ ಒಣಗಲು ಹಾಕಿದ ಬೂತಾಯಿ ಮೀನಿನ ವಾಸನೆ ಇಡೀ ಊರಿಗೆ ಹರಡುತ್ತಿತ್ತು. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡರೆ ಝೊಹರಾ ಆಂಟಿ ಗೋಡೆಯ ಆಚೆಯಿಂದಲೇ ನಗುತ್ತಿದ್ದರು. ನಾವು ಮೀನು ಮಾಂಸ ತಿನ್ನದವರೆಂದು ಅವರು ನಮಗಾಗಿಯೇ ಒಂದು ಸ್ಟೀಲಿನ ಪಾತ್ರೆ ಬೇರೆ ಇಟ್ಟಿದ್ದರು. ಶುಕ್ರವಾರ ಬೆಳಿಗ್ಗೆ ಅದರಲ್ಲಿ ನೀರುದೋಸೆ, ಬೆಲ್ಲ ಕಲಸಿದ ತೆಂಗಿನತುರಿ ಬರುತ್ತಿತ್ತು. ಅದೇ ಪಾತ್ರೆಯಲ್ಲಿ ಅವ್ವನ ಜೋಳದ ರೊಟ್ಟಿ, ಶೇಂಗಾ ಚಟ್ನಿ ವಾಪಸು ಹೋಗುತ್ತಿತ್ತು.

"ನಿಮ್ಮ ರೊಟ್ಟಿಗೆ ನಮ್ಮ ಮೀನುಸಾರು ಎಷ್ಟು ಲಾಯಕ್ಕಾಗ್ತದೆ ಅಂತ ನಿನಗೆ ಗೊತ್ತೇ ಇಲ್ಲ ಸುಮಿತ್ರಾ. ಪಾಪ," ಎನ್ನುತ್ತಿದ್ದರು ಆಂಟಿ.

"ಗೊತ್ತಾಗೂದೂ ಬ್ಯಾಡ ಬಿಡ್ರಿ ಝೊಹರಕ್ಕ," ಎಂದು ಅವ್ವ ನಗುತ್ತಿದ್ದಳು.

ಅವ್ವ ಹಾಗೆ ನಗುತ್ತಿದ್ದದ್ದು ನನಗೆ ಏಳು ವರ್ಷ ತುಂಬುವವರೆಗೆ.

ಆ ವರ್ಷ ತಮ್ಮ ಹುಟ್ಟಿದ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು. ಐದನೆಯ ದಿನ ಆಸ್ಪತ್ರೆಯಲ್ಲಿಯೇ ಹೋಯಿತು. ಹದಿಮೂರನೆಯ ದಿನ ಹೆಸರಿಡಬೇಕೆಂದಿದ್ದರು. ಹಾಗಾಗಿ ಅದಕ್ಕೆ ಹೆಸರೂ ಇಲ್ಲ. ಹೊಟ್ಟೆ ಕೊಯ್ದಿದ್ದರಿಂದ ಅವ್ವ ಆಗ ಆಸ್ಪತ್ರೆಯ ಹಾಸಿಗೆಯಿಂದ ಏಳುವಂತಿರಲಿಲ್ಲ. ನಮ್ಮಲ್ಲಿ ಹೂಳುವ ಪದ್ಧತಿ. ಅಪ್ಪ ಮತ್ತು ಹಮೀದ್ ಅಂಕಲ್ ಇಬ್ಬರೇ ಅಂಗಡಿಯ ಪಿಕಪ್ಪಿನಲ್ಲಿ ಹೋಗಿ ಬಂದರು. ಮರಳಿ ಬಂದಾಗ ಅಂಕಲ್ ಅವರ ಅಂಗಿಯ ತೋಳಿಗೆ ಕೆಂಪು ಮಣ್ಣು ಹತ್ತಿತ್ತು. ನಮ್ಮ ಬರ್ಕಾದ ಮಣ್ಣು ಬೂದುಬಣ್ಣದ್ದು. ಹಾಗಾದರೆ ಎಲ್ಲೋ ದೂರ ಹೋಗಿದ್ದರು ಎಂದು ನಾನು ಲೆಕ್ಕ ಹಾಕಿದ್ದೆ.

ಮನೆಗೆ ಬಂದ ಮೇಲೆ ಅವ್ವ ಒಮ್ಮೆ ಕೇಳಿದಳು. "ಎಲ್ಲಿ ಇಟ್ಟು ಬಂದ್ರಿ?"

"ಚಲೋ ಜಾಗಾದಾಗ," ಎಂದ ಅಪ್ಪ. ಮತ್ತೆ ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಆಮೇಲೆ ಅವ್ವ ಮಾತು ಬಿಟ್ಟಳು. ಸಿಟ್ಟಿನಿಂದ ಬಿಟ್ಟದ್ದಲ್ಲ. ಕರೆದರೆ ತಿರುಗಿ ನೋಡುತ್ತಿದ್ದಳು, ಅಷ್ಟೇ. ಬಾಚಣಿಗೆ ಕೈಗೆ ಕೊಟ್ಟರೆ ಹಿಡಿದುಕೊಂಡು ಕೂತುಬಿಡುತ್ತಿದ್ದಳು. ಶಾಲೆಯ ವ್ಯಾನು ಬರುವ ಮುಂಚೆ ನಾನು ಗೋಡೆ ಹಾರಿ ಹೋಗಿ ರೈಹಾನಾಳ ಹಿಂದೆ ಸಾಲಿನಲ್ಲಿ ಕೂರುತ್ತಿದ್ದೆ. ಆಂಟಿ ಅವಳ ಜಡೆ ಮುಗಿಸಿ ನನ್ನದು ಹಾಕುತ್ತಿದ್ದರು. ಮಧ್ಯಾಹ್ನ ಆ ಸ್ಟೀಲಿನ ಪಾತ್ರೆಯಲ್ಲಿ ಗಂಜಿ ತಂದು, ಅವ್ವನ ಎದುರು ನೆಲದ ಮೇಲೆ ಕೂತು, ತಮ್ಮ ಮನೆಯ ಯಾವುದೋ ಸುದ್ದಿ ಹೇಳುತ್ತ ಒಂದೊಂದೇ ಚಮಚ ತಿನ್ನಿಸುತ್ತಿದ್ದರು. ಅವ್ವ ಹೂಂ ಎನ್ನದಿದ್ದರೂ ಅವರ ಸುದ್ದಿ ನಿಲ್ಲುತ್ತಿರಲಿಲ್ಲ.

ಅಂಥ ದಿನಗಳಲ್ಲಿ ಅಪ್ಪ ಆ ಗಿಡ ತಂದ. ಅವನ ಪ್ಲಾಂಟಿನಲ್ಲಿ ಕೊರಿಯಾದ ಒಬ್ಬ ವಯಸ್ಸಾದ ಎಂಜಿನಿಯರ್ ಇದ್ದ. ಕೆಲಸದ ಅವಧಿ ಮುಗಿದು ಊರಿಗೆ ಹೊರಟಿದ್ದವನು, ಕೂಸಿನ ವಿಷಯ ಯಾರಿಂದಲೋ ಕೇಳಿ, ತಾನು ಸಾಕಿಕೊಂಡಿದ್ದ ಒಂದು ಕುಂಡವನ್ನು ಅಪ್ಪನ ಕಾರಿನಲ್ಲಿಟ್ಟಿದ್ದ. ಮೊಣಕಾಲೆತ್ತರದ ಮಣ್ಣಿನ ಕುಂಡ. ಒಳಗೆ ಕಾಣುತ್ತಿದ್ದದ್ದು ಒಣಗಿದ ನಾಲ್ಕು ಕಡ್ಡಿ ಮಾತ್ರ. ಹೆಸರು ಪಿಯೋನಿ, ಚಳಿದೇಶದ ದೊಡ್ಡ ಹೂವಿನ ಗಿಡ. ಅವ್ವನ ಬಾಯಲ್ಲಿ ಮುಂದೆ ಅದು "ಪೇವಣಿ" ಆಯಿತು.

ಅಪ್ಪ ಕುಂಡದ ಜೊತೆ ಅವನು ಬರೆದುಕೊಟ್ಟ ಚೀಟಿ ನೋಡಿಕೊಂಡು ಓದಿದ. ಗಡ್ಡೆಯ ಮೇಲಿನ ಕೆಂಪು ಕಣ್ಣುಗಳು, ಅಂದರೆ ಮೊಳಕೆಯ ತುದಿಗಳು, ಮಣ್ಣಿನಿಂದ ಎರಡು ಬೆರಳಿಗಿಂತ ಆಳಕ್ಕೆ ಹೋಗಬಾರದು. ಹೋದರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ಬೇರನ್ನು ಕೆದಕಬಾರದು, ಮಣ್ಣು ಬದಲಿಸಬಾರದು. ವರ್ಷಕ್ಕೆ ಮೂರು ತಿಂಗಳು ಗಟ್ಟಿ ಚಳಿ ಸಿಗಬೇಕು. ಹೂವಿಗೆ ಎರಡು ಮೂರು ವರ್ಷ ಕಾಯಬೇಕು. ಒಮ್ಮೆ ಬೇರು ಹಿಡಿದರೆ ನೂರು ವರ್ಷ ಬದುಕುತ್ತದೆ.

ಗೋಡೆಗೆ ಒರಗಿ ಕೂತಿದ್ದ ಅವ್ವ ಕೇಳಿದಳು: "ನೂರು ವರ್ಷ ಅಂದ್ರ, ಖರೇನಾ?"

ಮೂರು ತಿಂಗಳಲ್ಲಿ ಅವಳು ತಾನಾಗಿ ಆಡಿದ ಮೊದಲ ಮಾತು ಅದು. ಅಪ್ಪ ಚೀಟಿ ಮಡಚಿ ಅವಳ ಎದುರು ಕೂತ.

"ಅಂವ ಸುಳ್ಳು ಹೇಳೂ ಮನಶಾ ಅಲ್ಲ. ಅವನ ಮುತ್ತಜ್ಜಿ ಹಚ್ಚಿದ್ದು ಅವರ ಊರಾಗ ಇನ್ನೂ ಹೂ ಬಿಡತೈತಂತ."

ಆದರೆ ಬರ್ಕಾದಲ್ಲಿ ಚಳಿ ಎಲ್ಲಿಂದ ತರುವುದು? ಜನವರಿಯಲ್ಲೂ ಫ್ಯಾನು ತಿರುಗುವ ಊರು. ಕೊರಿಯಾದವನು ತನ್ನ ಕ್ವಾರ್ಟರ್ಸಿನ ದೊಡ್ಡ ಫ್ರಿಜ್ಜಿನಲ್ಲಿ ಇಡುತ್ತಿದ್ದನಂತೆ. ನಮ್ಮ ಫ್ರಿಜ್ಜಿನಲ್ಲಿ ಕುಂಡ ಹಿಡಿಸುವಂತಿರಲಿಲ್ಲ. ದಾರಿ ಹುಡುಕಿದ್ದು ಝೊಹರಾ ಆಂಟಿ. ಹಮೀದ್ ಅಂಕಲ್ ಅಂಗಡಿಯ ಹಿಂದೆ ತರಕಾರಿ ಇಡುವ ಕೋಲ್ಡ್ ರೂಮ್ ಇತ್ತು.

"ಗಿಡವಾ? ಕೋಲ್ಡ್ ರೂಮಲ್ಲಾ?" ಎಂದು ಅಂಕಲ್ ತಲೆ ಕೆರೆದುಕೊಂಡರು. ಆಂಟಿ ಅವರನ್ನು ಸುಮ್ಮನೆ ಒಮ್ಮೆ ನೋಡಿದರು. "ಆಯ್ತು, ಕ್ಯಾರೆಟ್ ಪೆಟ್ಟಿಗೆಯ ಹತ್ತಿರ ಒಂದು ಮೂಲೆ ಉಂಟು. ಇಡುವ," ಎಂದರು ಅಂಕಲ್.

ಸೇಬಿನ ಹತ್ತಿರ ಮಾತ್ರ ಇಡಬಾರದು, ಹಣ್ಣಿನ ಗಾಳಿಗೆ ಮೊಗ್ಗು ಸಾಯುತ್ತದೆ ಎಂದು ಚೀಟಿಯಲ್ಲಿತ್ತು. ಅಂಕಲ್ ಆ ಚಳಿಗಾಲವಿಡೀ, ಮುಂದಿನ ಎರಡು ಚಳಿಗಾಲಗಳಲ್ಲೂ, ಸೇಬಿನ ಪೆಟ್ಟಿಗೆಗಳನ್ನು ಎದುರುಗೋಡೆಗೇ ಜೋಡಿಸಿದರು.

ಫೆಬ್ರವರಿಯಲ್ಲಿ ಕುಂಡ ಹೊರಗೆ ಬಂತು. ಹಿತ್ತಲಿನ ಉತ್ತರಕ್ಕೆ, ನಿಂಬೆಗಿಡದ ನೆರಳಿನಲ್ಲಿ ಅದರ ಜಾಗ. ಹದಿನೈದು ದಿನಕ್ಕೆ ಹಸುಗೂಸಿನ ಬೆರಳಿನಂಥ ಕೆಂಪು ಮೊಳಕೆ ಎರಡು ಎದ್ದವು. ಅವ್ವ ದಿನವೂ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದಳು. ಎಸಿಯ ನೀರು ಹಾಕಲು ನನಗೆ ಕಲಿಸಿದಳು. ಎಲೆಯ ಮೇಲೆ ಸುರಿಯಬಾರದು, ಬುಡಕ್ಕೆ, ಮೆಲ್ಲಗೆ. ಮೇ ತಿಂಗಳ ಬಿಸಿಗಾಳಿಗೆ ಎಲೆಗಳು ಸುಟ್ಟುಹೋದಾಗ ನನಗೆ ಅಳು ಬಂದಿತ್ತು. "ಅಳಬ್ಯಾಡ. ಕೆಳಗ ಜೀವ ಐತಿ," ಎಂದು ಅವ್ವ ಒದ್ದೆ ಗೋಣಿಚೀಲ ಸುತ್ತಿದಳು.

ಎರಡನೆಯ ವರ್ಷ ಐದು ಮೊಳಕೆ ಬಂದವು, ಮೊಗ್ಗಿಲ್ಲ. ಅಷ್ಟರಲ್ಲಿ ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದ್ದಳು. ನನ್ನ ಜಡೆ ಹಾಕತೊಡಗಿದ್ದಳು. ನಗು ಪೂರ್ತಿ ಬಂದಿರಲಿಲ್ಲ. ಆದರೆ ಸಂಜೆಗೆ ಗೋಡೆಯ ಈಚೆ ಅವಳು, ಆಚೆ ಝೊಹರಾ ಆಂಟಿ ನಿಂತು ಸೊಪ್ಪು ಸೋಸುತ್ತ ಮಾತಾಡುವುದು ಮತ್ತೆ ಶುರುವಾಗಿತ್ತು.

ಮೂರನೆಯ ವರ್ಷ ನಾನು ಐದನೇ ತರಗತಿ. ಮಾರ್ಚ್ ಮೊದಲ ವಾರ ನಟ್ಟನಡುವಿನ ಕಡ್ಡಿಯ ತುದಿಯಲ್ಲಿ ಬಟಾಣಿ ಕಾಳಿನಷ್ಟು ಹಸಿರು ಗುಂಡು ಕಾಣಿಸಿತು. ಅವ್ವ ನಂಬದೆ ಆಂಟಿಯನ್ನು ಕರೆದಳು. ಆಂಟಿ ಒದ್ದೆ ಕೈಯಲ್ಲೇ ಬಂದು, ಬಗ್ಗಿ ನೋಡಿ, "ಮೊಗ್ಗೇ," ಎಂದರು. ಇಬ್ಬರೂ ಕುಂಡದ ಮುಂದೆಯೇ ಕುಕ್ಕರಗಾಲಿನಲ್ಲಿ ಕೂತರು.

ಆ ಶುಕ್ರವಾರ ಊಟದ ಹೊತ್ತಿಗೆ ಅವ್ವ ಅಪ್ಪನಿಗೆ ಹೇಳಿದಳು: "ಅದು ಅರಳಿದ ದಿನ ನಾ ಕೂಸಿನ ಕಡೆ ಹೋಗಾಕಿ. ಮೊದಲನೇ ಹೂವು ಅವಂದು. ನೀವು ನನ್ನ ಕರಕೊಂಡು ಹೋಗಬೇಕು."

ಅಪ್ಪನ ಕೈ ತುತ್ತಿನಲ್ಲೇ ನಿಂತಿತು. "ಹೂಂ," ಎಂದ.

"ಝೊಹರಕ್ಕನೂ ಬರತೀನಿ ಅಂದಾರ."

"ಹೂಂ. ಹೋಗೂಣು."

ಮೊಗ್ಗು ಬೆಳೆಯಿತು. ಅಡಕೆಯಷ್ಟಾಯಿತು, ಆಮೇಲೆ ನಿಂಬೆಹಣ್ಣಿನಷ್ಟು. ಹಸಿರು ಪೊರೆಯ ಸಂದಿಯಲ್ಲಿ ಗುಲಾಬಿ ಬಣ್ಣದ ಒಂದು ಗೆರೆ ಕಂಡಿತು. ಅದರ ಮೈಯಿಂದ ಜೇನಿನಂಥ ಅಂಟು ಒಸರುತ್ತಿತ್ತು. ಆ ಅಂಟಿಗೆ ಇರುವೆ ಬಂದವು.

ಕೊರಿಯಾದವನ ಚೀಟಿಯಲ್ಲಿ ಅದೂ ಇತ್ತು ಎಂದು ನನಗೆ ಆಮೇಲೆ ತಿಳಿಯಿತು: ಮೊಗ್ಗಿಗೆ ಇರುವೆ ಬಂದರೆ ಬರಲಿ, ಅವು ಏನೂ ಮಾಡುವುದಿಲ್ಲ, ಸಿಹಿ ತಿಂದು ಹೋಗುತ್ತವೆ. ಅಪ್ಪ ಅದನ್ನು ಅವ್ವನಿಗೆ ಓದಿ ಹೇಳಿದ್ದ. ನನಗೆ ಯಾರೂ ಹೇಳಿರಲಿಲ್ಲ. ನಾನು ಕಂಡಿದ್ದು ಬೇರೆ. ಹಿಂದಿನ ವಾರವಷ್ಟೇ ಹಿತ್ತಲಲ್ಲಿ ಸತ್ತ ಹಲ್ಲಿಯೊಂದನ್ನು ಇರುವೆಗಳು ಒಂದೇ ದಿನದಲ್ಲಿ ಮೂಳೆಯಷ್ಟೇ ಉಳಿಯುವಂತೆ ತಿಂದಿದ್ದವು.

ಅವತ್ತು ಮಧ್ಯಾಹ್ನ ಅವ್ವ ಮಲಗಿದ್ದಳು. ಮೊಗ್ಗಿನ ತುಂಬ ಕಪ್ಪಗೆ ಇರುವೆ. ನಾನು ಊದಿದೆ, ಹೋಗಲಿಲ್ಲ. ಕಡ್ಡಿಯಿಂದ ಸರಿಸಿದೆ, ಮತ್ತೆ ಬಂದವು. ಅವ್ವನನ್ನು ಎಬ್ಬಿಸೋಣವೆಂದು ಬಾಗಿಲವರೆಗೆ ಹೋದೆ. ಅವಳು ಅಪರೂಪಕ್ಕೆ ಗಾಢವಾಗಿ ನಿದ್ದೆ ಮಾಡುತ್ತಿದ್ದಳು. ನಾನೇ ಕಾಪಾಡಿ ಆಮೇಲೆ ಹೇಳಿದರಾಯಿತು ಎಂದುಕೊಂಡು ಗೋಡೆ ಹಾರಿದೆ.

ಝೊಹರಾ ಆಂಟಿ ಅಡುಗೆಮನೆಯಲ್ಲಿ ಮೀನು ಶುಚಿ ಮಾಡುತ್ತಿದ್ದರು.

"ಆಂಟಿ, ಇರುವಿಗೆ ಹೊಡಿಯೂ ಡಬ್ಬಿ ಕೊಡ್ರಿ. ಅವ್ವ ಕೇಳ್ಯಾಳ."

"ಸಿಂಕಿನ ಅಡಿಯಲ್ಲಿ ಉಂಟು, ತಗೊ. ಮತ್ತೆ ಕೈ ಸೋಪು ಹಾಕಿ ತೊಳಿ ಆಯ್ತಾ."

ಹತ್ತಿರದಿಂದ ಹೊಡೆದೆ. ತಣ್ಣಗಿನ ಬಿಳಿ ನೊರೆ ಮೊಗ್ಗಿನ ಮೇಲೆಲ್ಲ ಕೂತಿತು, ಎಲೆಗಳಿಂದ ಹನಿ ಹನಿಯಾಗಿ ಇಳಿಯಿತು. ಇರುವೆಗಳು ಉದುರಿದವು. ಮಣ್ಣಿನ ಮೇಲೆ ಅವು ಮುದುಡಿಕೊಳ್ಳುವುದನ್ನು ನೋಡಿದೆ. ನನಗೆ ಬಹಳ ಹೆಮ್ಮೆಯೆನಿಸಿತ್ತು. ಡಬ್ಬಿ ಮರಳಿಸಿ, ಕೈ ತೊಳೆದುಕೊಂಡು, ರೈಹಾನಾಳ ಜೊತೆ ಆಡಲು ಹೋದೆ. ಆಟದಲ್ಲಿ ಅವ್ವನಿಗೆ ಹೇಳುವುದೇ ಮರೆಯಿತು.

ಮರುದಿನ ಎಲೆಗಳ ಅಂಚುಗಳು ಕಂದಿದ್ದವು. ಅದರ ಮರುದಿನ ಮೊಗ್ಗು ಒಂದು ಬದಿಗೆ ಕಪ್ಪಾಗಿ, ಕತ್ತು ಬಗ್ಗಿ ನೇತಾಡುತ್ತಿತ್ತು. ಅವ್ವ ಅದರ ಕೆಳಗೆ ಅಂಗೈ ಹಿಡಿದು ಕೂತಿದ್ದಳು, ಬಿದ್ದರೆ ಹಿಡಿಯಬೇಕು ಎನ್ನುವಂತೆ. ಆಮೇಲೆ ಎಲೆಯೊಂದನ್ನು ಮೂಸಿದಳು. ಇನ್ನೊಂದನ್ನು ಮೂಸಿದಳು.

"ಇದು ಸೀಮೆಎಣ್ಣಿ ನಾರಿದಂಗ ನಾರತೈತಿ. ಯಾರೋ ಔಷಧ ಹೊಡದಾರ," ಎಂದಳು. "ನಮ್ಮ ಮನ್ಯಾಗ ಆ ಡಬ್ಬಿ ಇಲ್ಲ. ವಿಜಿ, ನೀ ಏನರ ನೋಡಿಯೇನು?"

ನಾನು ಕುಂಡದ ಅಂಚನ್ನೇ ನೋಡುತ್ತಿದ್ದೆ.

"ಝೊಹರಕ್ಕ ಬಂದಿದ್ರೇನು ಈ ಕಡೆ?"

ನಾನು ಹೌದೆಂದು ತಲೆಯಾಡಿಸಿದೆ.

ಅಷ್ಟೇ ನಾನು ಮಾಡಿದ್ದು. ಒಂದು ಮಾತೂ ಆಡಲಿಲ್ಲ. ಅವ್ವ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಡೆಯ ಹತ್ತಿರ ಕರೆಯದೆ, ಕಾಂಪೌಂಡು ಸುತ್ತಿ ಅವರ ಮುಂಬಾಗಿಲಿಗೇ ಹೋದಳು. ನಾನು ಹಿಂದೆ ಹಿಂದೆ ಹೋಗಿ ಅವರ ನೀರಿನ ಟ್ಯಾಂಕಿನ ಪಕ್ಕ ನಿಂತೆ.

"ಝೊಹರಾ," ಎಂದಳು ಅವ್ವ. ಅಕ್ಕ ಎನ್ನಲಿಲ್ಲ. "ನನ್ನ ಗಿಡಕ್ಕ ಔಷಧ ಯಾಕ ಹೊಡದಿ?"

ಆಂಟಿಗೆ ಮೊದಲು ಅರ್ಥವಾಗಲಿಲ್ಲ. "ಎಂತ ಔಷಧ?" ಎಂದರು. ಆಮೇಲೆ ಅವರ ಕಣ್ಣು ಅವ್ವನ ಹೆಗಲಿನಾಚೆ ನನ್ನ ಮೇಲೆ ಬಿತ್ತು. ಎಷ್ಟು ಹೊತ್ತು ನೋಡಿದರೋ ತಿಳಿಯದು. ನನಗೆ ಅದು ಬಹಳ ಉದ್ದವೆನಿಸಿತು. ನಾನು ತಲೆ ತಗ್ಗಿಸಿದೆ.

"ತಪ್ಪಾಯ್ತು ಸುಮಿತ್ರಾ," ಎಂದರು ಆಂಟಿ. "ಇರುವೆ ಇತ್ತು. ಹಾಳು ಮಾಡ್ತದೆ ಅಂತ ಎಣಿಸಿದೆ."

"ನಾಕು ಹಡದಾಕಿ ನೀನು," ಎಂದಳು ಅವ್ವ. ಅವಳ ದನಿ ಏರಲೇ ಇಲ್ಲ. "ನಾಕೂ ಬದುಕ್ಯಾವ. ನಂದೊಂದು ಹೂವು ನಿನಗ ನೋಡೂದಾಗಲಿಲ್ಲ."

ಆಂಟಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅವರ ಹಿಂದೆ ನಿಂತಿದ್ದ ರೈಹಾನಾ ತಾಯಿಯನ್ನೂ ನನ್ನನ್ನೂ ನೋಡುತ್ತಿದ್ದಳು. ಅವ್ವ ತಿರುಗಿ ಬಂದಳು.

ಮರುದಿನ ರೈಹಾನಾ ಸ್ಟೀಲಿನ ಪಾತ್ರೆ ತಂದಳು. ಅವ್ವ ಮುಚ್ಚಳ ಕೂಡ ತೆಗೆಯದೆ ಕಳಿಸಿದಳು. ಇನ್ನೆರಡು ಶುಕ್ರವಾರ ಬಂತು, ಹಾಗೇ ಹೋಯಿತು. ಆಮೇಲೆ ಬರಲಿಲ್ಲ. ಶಾಲೆಯ ವ್ಯಾನಿನಲ್ಲಿ ರೈಹಾನಾ ನನ್ನ ಪಕ್ಕದ ಸೀಟು ಬಿಟ್ಟು ಮುಂದೆ ಕೂರತೊಡಗಿದಳು.

ಹೇಳಿಬಿಡಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಶಾಲೆಯಿಂದ ಬರುವಾಗ ವ್ಯಾನಿನಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ. ಮನೆಗೆ ಬಂದು ನೋಡಿದರೆ ಅವ್ವ ಬೆಳಿಗ್ಗೆ ಕೂತಲ್ಲೇ ಕೂತಿರುತ್ತಿದ್ದಳು. ಮತ್ತೆ ಮಾತು ನಿಂತಿತ್ತು. ಈ ಸಲ ಗಂಜಿ ತಿನ್ನಿಸಲು ಯಾರೂ ಬರುತ್ತಿರಲಿಲ್ಲ. ಅಪ್ಪ ಡ್ಯೂಟಿಗೆ ಹೋಗುವ ಮುಂಚೆ ಅನ್ನ ಬೇಯಿಸಿಟ್ಟು ಹೋಗುತ್ತಿದ್ದ. ನಾನು ಅದಕ್ಕೆ ಮೊಸರು ಕಲಸಿ ಅವಳ ಮುಂದೆ ಇಡುತ್ತಿದ್ದೆ. ಸಂಜೆಗೆ ಅದು ಹಾಗೇ ಒಣಗಿರುತ್ತಿತ್ತು. ಹೇಳಿದರೆ ನನ್ನನ್ನೂ ಆ ಪಾತ್ರೆಯ ಹಾಗೆ ಹಿಂದಕ್ಕೆ ಕಳಿಸುತ್ತಾಳೆ ಎಂಬ ಹೆದರಿಕೆ ನನಗಿತ್ತು.

ಮೇ ತಿಂಗಳ ಒಂದು ಮಧ್ಯಾಹ್ನ ಶಾಲೆಯಿಂದ ಬಂದಾಗ ಬಾಗಿಲು ತೆರೆದಿತ್ತು, ಅವ್ವ ಇರಲಿಲ್ಲ. ಅವಳ ಚಪ್ಪಲಿ ಹೊಸ್ತಿಲಲ್ಲೇ ಇತ್ತು. ಹಿತ್ತಲು, ಖರ್ಜೂರದ ತೋಟ, ಮಸೀದಿಯ ಪಕ್ಕದ ಓಣಿ, ಎಲ್ಲ ಕಡೆ ಓಡಿ ಹುಡುಕಿದೆ. ಕೊನೆಗೆ ಝೊಹರಾ ಆಂಟಿಯ ಬಾಗಿಲು ಬಡಿದೆ. ಅವರು ಒಂದು ಪ್ರಶ್ನೆಯನ್ನೂ ಕೇಳದೆ ಅಂಕಲ್‌ಗೂ ಅಪ್ಪನಿಗೂ ಫೋನು ಮಾಡಿದರು.

ಅವರಿಬ್ಬರೂ ಬರುವ ಮೊದಲೇ ಖಲ್ಫಾನ್ ಅವರ ಬಿಳಿ ಪಿಕಪ್ ಗೇಟಿಗೆ ಬಂತು. ಹೆದ್ದಾರಿಯ ಬದಿಯಲ್ಲಿ, ಸುವೈಕ್ ಊರಿನ ಕಡೆಗೆ ಬರಿಗಾಲಿನಲ್ಲಿ ನಡೆದು ಹೋಗುತ್ತಿದ್ದವಳನ್ನು ಅವರು ಗುರುತು ಹಿಡಿದಿದ್ದರು. ನಿಲ್ಲಿಸಿ ಕೇಳಿದರೆ ಕನ್ನಡದಲ್ಲಿ ಏನೋ ಹೇಳುತ್ತಿದ್ದಳಂತೆ. ಮಣ್ಣು ಎಲ್ಲಿ ಕೆಂಪಗಿದೆ ಎಂದು ಹುಡುಕುತ್ತಿದ್ದಳೆಂದು ನನಗೆ ಈಗ ಅನಿಸುತ್ತದೆ. ಅಂದು ಆಸ್ಪತ್ರೆಗೂ ಹೋಗಿ ಬಂದಿದ್ದ ಅಂಕಲ್ ಅವರ ಅಂಗಿಯ ತೋಳನ್ನು ಅವಳೂ ನೋಡಿದ್ದಿರಬೇಕು.

"ಪೈರ್ ಖರಾಬ್. ಬಹುತ್ ಗರಮ್," ಎಂದರು ಮುದುಕರು, ತಮ್ಮ ಮುರುಕು ಹಿಂದಿಯಲ್ಲಿ. ಅವ್ವನ ಪಾದ ನೋಡಲಾಗದೆ ಮುಖ ಆಚೆ ತಿರುಗಿಸಿದರು. ಡಾಂಬರಿನ ಬಿಸಿಗೆ ಎರಡೂ ಅಂಗಾಲಿನ ಚರ್ಮ ಬೊಬ್ಬೆಯೆದ್ದು ಕಳಚಿತ್ತು.

ಝೊಹರಾ ಆಂಟಿ ಅವ್ವನನ್ನು ಒಳಗೆ ತಂದು ಮಲಗಿಸಿದರು. ತಣ್ಣೀರು ತಂದು, ತಮ್ಮ ಹತ್ತಿಯ ದುಪಟ್ಟಾ ಅದ್ದಿ, ನೆಲದ ಮೇಲೆ ಕೂತು ಪಾದಕ್ಕೆ ಸುತ್ತಿದರು. ಬಟ್ಟೆ ಬಿಸಿಯಾದ ಹಾಗೆಲ್ಲ ಬದಲಿಸಿದರು. ಅವ್ವ ಕಣ್ಣು ಬಿಟ್ಟು, ಯಾರೆಂದು ನೋಡಿ, ಮುಖವನ್ನು ಗೋಡೆಗೆ ತಿರುಗಿಸಿದಳು.

"ಹೋಗಂತ ಹೇಳು ಆಕೀಗ," ಎಂದಳು ನನಗೆ.

ನಾನು ಅವರಿಬ್ಬರ ನಡುವೆ ನಿಂತಿದ್ದೆ. ಆಗ ಹೇಳಬಹುದಿತ್ತು. ಒಂದೇ ವಾಕ್ಯ. ಆಂಟಿ ನನ್ನನ್ನು ನೋಡಿ, ಬೇಡ ಎನ್ನುವಂತೆ ತಲೆಯಾಡಿಸಿದರೋ, ಅಥವಾ ಹಾಗೆ ಆಡಿಸಿದರು ಎಂದು ನಾನೇ ಇಷ್ಟು ವರ್ಷ ನಂಬಿಕೊಂಡು ಬಂದೆನೋ, ಈಗ ನಿಶ್ಚಯವಾಗಿ ಹೇಳಲಾರೆ. ಅವರು ಕೊನೆಯ ಬಟ್ಟೆ ಸುತ್ತಿ, ಅಪ್ಪನ ಕಾರಿನ ಸದ್ದು ಕೇಳಿದ ಮೇಲೆ ಎದ್ದು ಹೋದರು.

ಜೂನ್‌ನಲ್ಲಿ ಅಪ್ಪ ನಮ್ಮಿಬ್ಬರನ್ನೂ ಊರಿಗೆ ಕಳಿಸಿದ. ಪ್ಲಾಂಟಿನ ಕೆಲಸ ಬಿಡುವ ಹಾಗಿರಲಿಲ್ಲ. ತಾನು ಒಬ್ಬನೇ ಉಳಿದು ವರ್ಷಕ್ಕೊಮ್ಮೆ ತಿಂಗಳ ರಜೆಗೆ ಬರತೊಡಗಿದ. ಹೊರಟ ದಿನ ಅವ್ವ ಹಿತ್ತಲಿನ ಕಡೆ ಹೋಗಲಿಲ್ಲ. ಕೂಸಿನ ಕಡೆ ಹೋಗಬೇಕೆಂದೂ ಕೇಳಲಿಲ್ಲ. ಗಿಡ ಆ ಬೇಸಿಗೆ ದಾಟಲಿಲ್ಲ ಎಂದು ಅಪ್ಪ ಫೋನಿನಲ್ಲಿ ಹೇಳಿದಾಗ "ಆತು" ಎಂದು ಫೋನು ಇಟ್ಟಳು.

ಗದಗಿನ ಆಸ್ಪತ್ರೆಯ ಗುಳಿಗೆ, ನನ್ನ ಅಜ್ಜಿಯ ಆರೈಕೆ, ಇವುಗಳಿಂದ ಅವ್ವ ನಿಧಾನಕ್ಕೆ ಎದ್ದಳು. ಅಡುಗೆ ಮಾಡಿದಳು, ಮಾತಾಡಿದಳು, ನನ್ನ ಮದುವೆಯಲ್ಲಿ ಓಡಾಡಿದಳು. ಆದರೆ ಮತ್ತೆಂದೂ ಒಂದು ಗಿಡ ಹಚ್ಚಲಿಲ್ಲ. ಯಾರೊಡನೆಯೂ ಗೋಡೆಯ ಪಕ್ಕ ನಿಂತು ಸಂಜೆ ಕಳೆಯಲಿಲ್ಲ. ಅಕ್ಕಪಕ್ಕದವರು ಪಾತ್ರೆಯಲ್ಲಿ ಏನಾದರೂ ತಂದರೆ ಬಾಗಿಲಲ್ಲೇ ಬೇಡವೆನ್ನುತ್ತಿದ್ದಳು. ಐದು ವರ್ಷದ ಹಿಂದೆ ಅಪ್ಪ ತೀರಿಕೊಂಡ. ಅವ್ವ ಈಗ ಗದಗಿನಲ್ಲಿ ನಮ್ಮ ಜೊತೆಗೇ ಇದ್ದಾಳೆ. ನಾನು ಇಲ್ಲಿ ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ.

ಕಳೆದ ವರ್ಷ ಯಾರೋ ಬರ್ಕಾದ ಹಳೆಯ ಸಹಪಾಠಿಗಳ ವಾಟ್ಸಾಪ್ ಗುಂಪಿಗೆ ನನ್ನನ್ನು ಸೇರಿಸಿದರು. ಅಲ್ಲಿ ರೈಹಾನಾ ಇದ್ದಳು, ಈಗ ಮಂಗಳೂರಿನಲ್ಲಿ. ಅವಳಿಗೆ ಕರೆ ಮಾಡಿದೆ. ಇಬ್ಬರು ಮಕ್ಕಳಿದ್ದಾರೆಂದಳು. ಉಮ್ಮ, ನನ್ನ ಝೊಹರಾ ಆಂಟಿ, ತೀರಿಕೊಂಡು ಎಂಟು ತಿಂಗಳಾಯಿತೆಂದಳು. ನಾನು ಅತ್ತುಬಿಟ್ಟೆ. ಅಳುತ್ತಲೇ ಎಲ್ಲವನ್ನೂ ಹೇಳಿದೆ: ಇರುವೆ, ಡಬ್ಬಿ, ತಲೆಯಾಡಿಸಿದ್ದು.

ರೈಹಾನಾ ಹೇಳಿದಳು:

"ಉಮ್ಮನಿಗೆ ಗೊತ್ತಿತ್ತು ಮಾರಾಯ್ತಿ. ಡಬ್ಬಿ ಕೊಟ್ಟದ್ದೇ ಅವರಲ್ವಾ. ನನಗೂ ಗೊತ್ತಿತ್ತು. ನೀವು ಯಾಕೆ ಹೇಳ್ಲಿಲ್ಲ ಅಂತ ನಾನು ಒಂದ್ಸಲ ಜಗಳ ಮಾಡಿ ಕೇಳಿದ್ದೆ. 'ಅವಳಿಗೆ ಉಳಿದದ್ದು ಆ ಒಂದೇ ಮಗು. ಅದರ ಮೇಲೆ ಸಿಟ್ಟು ಬಂದ್ರೆ ಮತ್ತೆ ಯಾರ ಮೇಲೆ ಜೀವ ಇಡ್ತಾಳೆ' ಅಂತ ಹೇಳಿದ್ರು."

"ಬೇಜಾರಾಗಿತ್ತಾ ಅವರಿಗೆ?"

"ಆಗಿತ್ತು," ಎಂದಳು ರೈಹಾನಾ. "ಸುಳ್ಳು ಎಂತಕ್ಕೆ ಹೇಳ್ಲಿ. ಆ ನಾಲ್ಕು ಮಕ್ಕಳ ಮಾತು ಉಂಟಲ್ಲ, ಅದು ಕಡೆವರೆಗೂ ಇತ್ತು."

ಆ ಸಂಜೆಯೇ ಅವ್ವನ ಎದುರು ಕೂತು ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು. ನಾನು ಮುಗಿಸುವವರೆಗೂ ಮಡಚುತ್ತಲೇ ಇದ್ದಳು. ಬೈಯಲಿಲ್ಲ. "ನೀ ಸಣ್ಣಾಕಿ ಇದ್ದಿ," ಎಂದಳು ಒಮ್ಮೆ. ಆಮೇಲೆ, "ನಾ ಏನು ಸಣ್ಣಾಕಿ ಇದ್ನೇನು," ಎಂದಳು. ಎದ್ದು ಒಳಗೆ ಹೋದಳು. ಎರಡು ದಿನ ಅವಳಿಗೆ ಊಟ ಸೇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ, "ಆ ಹುಡುಗೀಗ ಫೋನ್ ಹಚ್ಚು," ಎಂದಳು. ಹಚ್ಚಿ, ಸ್ಪೀಕರಿನಲ್ಲಿಟ್ಟು, ಅವಳ ಕೈಗೆ ಕೊಟ್ಟೆ.

"ರೈಹಾನಾ, ನಾನವಾ, ಸುಮಿತ್ರಾ. ಬರ್ಕಾದಾಗ ನಿಮ್ಮ ಬಾಜೂ ಮನಿಯಾಕಿ."

"ಗೊತ್ತಾಯ್ತು ಆಂಟಿ. ಹೇಳಿ. ಹೇಗಿದ್ದೀರಿ?"

ಅವ್ವ ಏನೋ ಹೇಳಲು ಹೋದಳು. ಫೋನನ್ನು ಇನ್ನಷ್ಟು ಹತ್ತಿರ ಹಿಡಿದಳು. ಕ್ಷಮೆ ಕೇಳುತ್ತಾಳೆ ಎಂದು ನಾನು ಕಾದೆ. ಅದಕ್ಕೆ ಬೇಕಾದವರು ಇಲ್ಲವೆಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ಕೇಳಿದ್ದು ಬೇರೆ.

"ನಿಮ್ಮಪ್ಪಾರು ಅದಾರಲ್ಲವಾ? ಅವರನ್ನ ಒಂದು ಮಾತು ಕೇಳಬೇಕಾಗಿತ್ತು. ನಮ್ಮ ಕೂಸಿನ್ನ ಎಲ್ಲಿ ಇಟ್ಟಾರಂತ ಅವರಿಗೊಬ್ಬರಿಗೇ ಗೊತ್ತು. ಊರು ಯಾವುದು ಅಂತ ಹೇಳಿದ್ರೂ ಸಾಕು."

ಆ ಕಡೆ ರೈಹಾನಾ ಬಾಗಿಲು ಮುಚ್ಚಿಕೊಂಡ ಸದ್ದಾಯಿತು.

"ಬಾಪ ಇದ್ದಾರೆ ಆಂಟಿ. ನನ್ನ ಜೊತೆಯೇ ಇದ್ದಾರೆ. ಆದ್ರೆ ಅವರಿಗೆ ಈಗ ನೆನಪು ಇಲ್ಲ. ಮೂರು ವರ್ಷ ಆಯ್ತು. ನನ್ನನ್ನೇ ಕೆಲವೊಮ್ಮೆ ಯಾರು ನೀವು ಅಂತ ಕೇಳ್ತಾರೆ. ಒಮಾನಲ್ಲಿ ಇದ್ದದ್ದೇ ಗೊತ್ತಿಲ್ಲ ಅವರಿಗೆ."

"ಹೌದಾ," ಎಂದಳು ಅವ್ವ. "ಇರಲಿ ಬಿಡವಾ. ಅವರನ್ನ ಚಲೋತ್ನ್ಯಾಗ ನೋಡ್ಕೋ."

ಫೋನು ನನ್ನ ಕೈಗಿತ್ತು, ಕಿಟಕಿಯ ಕಡೆ ಮುಖ ಮಾಡಿ ಕೂತಳು. ನಾನು ಅವತ್ತು ಶಾಲೆಗೆ ಹೋಗಲಿಲ್ಲ.

ಹತ್ತು ವರ್ಷದ ಹುಡುಗಿ ಅಂದು ಬಾಯಿ ಬಿಟ್ಟಿದ್ದರೆ ಹೂವಂತೂ ಉಳಿಯುತ್ತಿರಲಿಲ್ಲ. ಆದರೆ ಅವ್ವನಿಗೆ ಝೊಹರಾ ಆಂಟಿ ಉಳಿಯುತ್ತಿದ್ದರು. ಹೂವಿಲ್ಲದಿದ್ದರೇನು, ಬಾ ಹೋಗುವ ಎಂದು ಅವರು ಕೈಹಿಡಿದು ಪಿಕಪ್ಪಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಅವರ ಸ್ವಭಾವ ಅಂಥದ್ದು. ಆಗ ದಾರಿ ಬಲ್ಲವರು ಇಬ್ಬರಿದ್ದರು. ಈಗ ಒಮಾನಿನ ಕೆಂಪು ನೆಲದಲ್ಲಿ ಎಲ್ಲೋ ಒಂದು ಮೊಳದುದ್ದದ ಜಾಗವಿದೆ. ಅದು ಎಲ್ಲಿ ಎಂದು ಬಲ್ಲವರು ಭೂಮಿಯ ಮೇಲೆ ಒಬ್ಬರೂ ಇಲ್ಲ.